ಬೂಸಾ ಮತ್ತು ಬೆಣ್ಣೆ

ಭಾನುವಾರ ಬೆಳಿಗ್ಗೆ ದಾವಣಗೆರೆಯ ದೋಸೆ ಹೋಟೆಲಿನಲ್ಲಿ ನಾವು ನಾಲ್ವರು ಕುಳಿತಿದ್ದಾಗ, ಗೋಡೆಯ ಟಿ.ವಿ.ಯಲ್ಲಿ ಒಬ್ಬ ಸ್ವಾಮಿಗಳೂ ಇಬ್ಬರು ವಕ್ತಾರರೂ ಒಟ್ಟಿಗೇ ಕೂಗುತ್ತಿದ್ದರು. ಯಾರು ಯಾರನ್ನು ಬೈಯುತ್ತಿದ್ದಾರೆಂಬುದು ಆ ಮೂವರಿಗೂ ತಿಳಿದಂತಿರಲಿಲ್ಲ.

“ನೇರ ನುಡಿಯವರು,” ಎಂದು ವಕೀಲ ಗೆಳೆಯ ಮೆಚ್ಚಿಕೊಂಡ.

“ನೇರ ನುಡಿಗೆ ಗಂಟಿನಿಂದ ಏನಾದರೂ ಹೋಗಬೇಕಪ್ಪ. ಇವರು ನಾಳೆ ಇನ್ನೊಂದು ಚಾನೆಲ್ಲಿಗೆ ಹೋಗುತ್ತಾರೆ, ಅಷ್ಟೆ,” ಎಂದರು ಚಿತ್ರದುರ್ಗದ ಮೇಷ್ಟ್ರು. “ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದು, ಕೊನೆಗೆ ಅವರು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು ಅವರೇ ಎಂಬುದನ್ನು ಮರೆತವರಿಗೂ ಬೂಸಾ ಮಾತ್ರ ನೆನಪಿದೆ. ನಮ್ಮ ಜಿಲ್ಲೆಯವರು, ಹರಿಹರದವರು.”

“ಹರಿಹರ ನಮ್ಮದು!”

“1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ಮೊದಲು ನೀವೂ ನಮ್ಮವರೇ.”

ಇಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡಿದ್ದ ಬೂಸಾ ಅಂಗಡಿಯ ಗೆಳೆಯ ತಟ್ಟೆಯನ್ನು ಮುಂದೆ ತಳ್ಳಿದ. “ಮೂವತ್ತು ವರ್ಷದಿಂದ ಬೂಸಾ ಮಾರುತ್ತಿದ್ದೇನೆ, ಅದು ಬೈಗುಳವಾದದ್ದು ಹೇಗೆ? ಎಮ್ಮೆಗೆ ಬೂಸಾ ಇಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ನಿಮ್ಮ ದೋಸೆಯ ಮೇಲೆ ಕರಗಿ ಅಂಚಿನತ್ತ ಜಾರುತ್ತಿರುವ ಈ ಬೆಣ್ಣೆಯೂ ಇಲ್ಲ. ನಮ್ಮ ಸರಕನ್ನು ಸಾಹಿತ್ಯಕ್ಕೆ ಹೋಲಿಸಿದ್ದಕ್ಕೆ ಅಂದು ಮೆರವಣಿಗೆ ತೆಗೆಯಬೇಕಾದವರು ಬೂಸಾ ವ್ಯಾಪಾರಿಗಳು!”

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ, ಹಾಗಾಗಿ ಅವರು ಧರ್ಮಕ್ಕೆ ಬಂದರು. (ಮಾತಿಗೆ ಸಿಕ್ಕಿಬಿದ್ದವರೆಲ್ಲ ಹೋಗಿ ಸೇರುವ ಊರು ಅದು.) “ಕೆಣಕುವುದಕ್ಕೂ ಒಂದು ಹದ ಬೇಕು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ನಮ್ಮೆದುರು ಪವಾಡ ಮಾಡಿ ತೋರಿಸಿ ಎಂದು ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ.”

“ಈಗಿನವರಾಗಿದ್ದರೆ ಪತ್ರವನ್ನು ಟಿ.ವಿ.ಯಲ್ಲಿ ಓದಿ, ಅಂಚೆಗೆ ಹಾಕುವುದನ್ನೇ ಮರೆಯುತ್ತಿದ್ದರು,” ಎಂದೆ ನಾನು.

ವಕೀಲನಿಗೆ ಕಾನೂನು ನೆನಪಾಯಿತು. “ಧಾರ್ಮಿಕ ಭಾವನೆಯನ್ನು ಬೇಕೆಂದೇ, ದುರುದ್ದೇಶದಿಂದ ಕೆರಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿನಂತೆ ಮೂರು ವರ್ಷದವರೆಗೆ ಜೈಲು. ಉಳಿದಂತೆ ನಿರ್ಭೀತಿಯಿಂದ ಮಾತಾಡಬೇಕು. ಈಗ ನೋಡಿ, ಈ ಚಟ್ನಿಗೆ ಉಪ್ಪೇ ಇಲ್ಲ. ಹಾಗೆನ್ನಲು ಯಾವ ಕಲಮೂ ಅಡ್ಡ ಬರುವುದಿಲ್ಲ.”

“ಮಾಲೀಕರು ಅಗೋ, ಗಲ್ಲಾದಲ್ಲೇ ಇದ್ದಾರೆ, ಹೇಳು,” ಎಂದ ಬೂಸಾ ಗೆಳೆಯ.

ವಕೀಲ ಗಲ್ಲಾದ ಕಡೆ ನೋಡಿ ದನಿ ತಗ್ಗಿಸಿದ. “ತಡೆಯಪ್ಪ, ನನ್ನದಿನ್ನೂ ಒಂದು ದೋಸೆ ಬರಬೇಕಿದೆ.”