ಹಾಲಿ ಫರ್ನ್ (ಒಂದು ಜಾತಿ ಜರೀಗಿಡ) ಎಳೇ ಎಲೆಯ ಸುರುಳಿಗಳು ಬಿಚ್ಚೋಕೆ ಮುಂಚೆನೇ ಕಪ್ಪಾಗ್ತಿವೆ, ನೆರಳೂ ಇದೆ ತೇವಾನೂ ಇದೆ, ದಯವಿಟ್ಟು ಹೆಲ್ಪ್ ಮಾಡಿ

ನೆರಳುತೋಟ:
ಎಲ್ರಿಗೂ ನಮಸ್ಕಾರ. ಮನೆ ಹಿಂದೆ ಗೋಡೆ ಪಕ್ಕ ಬಿಸಿಲೇ ಬೀಳದಿರೋ ಉದ್ದನೆ ಪಟ್ಟಿ ಜಾಗ ಇದೆ, ಪಾಚಿ ಕಟ್ಟೋವಷ್ಟು ತೇವ. ಹೂವಿನ ಗಿಡ ಏನ್ ಹಾಕಿದ್ರೂ ಬರ್ಲಿಲ್ಲ, ಅದಕ್ಕೆ ವರ್ಷಪೂರ್ತಿ ಹಸಿರಾಗಿರೋ ಜರೀಗಿಡನೇ ಹಾಕೋಣ ಅಂತ 5 ಹಾಲಿ ಫರ್ನ್ ನೆಟ್ಟೆ. ಮೊದಲ ತಿಂಗಳು ಎಣ್ಣೆ ಹಚ್ಚಿದಂಗೆ ಮಿರಮಿರ ಮಿಂಚ್ತಿದ್ವು. ಈಗ 4 ತಿಂಗಳಾಯ್ತು, ಹೊರಗಡೆ ಎಲೆಗಳು ಹಳದಿಯಾಗಿ ಜೋತುಬಿದ್ದಿವೆ, ನಡುವಿಂದ ಬರೋ ಸುರುಳಿ ಉಗುರಿನಷ್ಟು ಆಗ್ತಿದ್ದಂಗೆ ಕಪ್ಪಾಗಿ ಮುದುಡಿಹೋಗತ್ತೆ. ಎಲೆ ಹಿಂದುಗಡೆ ತುಂಬ ಕಂದು ಚುಕ್ಕಿ ಬೇರೆ ಬಂದಿದೆ, ಹುಳ ಇರ್ಬೇಕು ಅನ್ಸತ್ತೆ. ದಿನಾ ಸಂಜೆ ಪೈಪಲ್ಲಿ ಮೇಲಿಂದ ಚೆನ್ನಾಗಿ ನೆನೆಸ್ತೀನಿ, ಬುಡಕ್ಕೆ ದಪ್ಪಗೆ ಒಣ ಎಲೆ ಮಲ್ಚಿಂಗ್ ಮಾಡಿದೀನಿ, 15 ದಿನಕ್ಕೊಂದ್ ಸಲ ಲಿಕ್ವಿಡ್ ಗೊಬ್ಬರನೂ ಕೊಡ್ತಿದೀನಿ. ಇನ್ನೇನ್ ಕಮ್ಮಿಯಾಗಿದೆ? ಗೊಬ್ಬರ ಜಾಸ್ತಿ ಮಾಡ್ಲಾ?

ಹೂಗೊಂಚಲು:
ಕಂದು ಚುಕ್ಕಿ ಅಂದ್ರೆ ಶಲ್ಕ ಕೀಟ (ಗಿಡಕ್ಕೆ ಅಂಟ್ಕೊಂಡು ರಸ ಹೀರೋ ಸ್ಕೇಲ್ ಹುಳ) ಇರ್ಬಹುದು. ಬೇವಿನೆಣ್ಣೆ ಸ್ವಲ್ಪ ಸೋಪ್ ನೀರಲ್ಲಿ ಕಲಸಿ ಸ್ಪ್ರೇ ಮಾಡಿ, ನನ್ನ ದಾಸವಾಳಕ್ಕೆ ಅದರಿಂದಲೇ ಸರಿಹೋಯ್ತು.

ಬೇರುಬಳಗ:
ದಯವಿಟ್ಟು ಸ್ಪ್ರೇ ಈಗ್ಲೇ ಮಾಡ್ಬೇಡಿ. ದಾಸವಾಳ ತಡ್ಕೊಳ್ಳೋದನ್ನ ಜರೀಗಿಡ ತಡ್ಕೊಳ್ಳಲ್ಲ, ಎಣ್ಣೆ ಸೋಪು ಎರಡಕ್ಕೂ ಎಷ್ಟೋ ಫರ್ನ್‌ಗಳ ಎಲೆ ಸುಟ್ಟುಹೋಗತ್ತೆ, ಮಾಡ್ಲೇಬೇಕು ಅಂದ್ರೂ ಮೊದಲು ಒಂದೇ ಎಲೆಗೆ ಹಚ್ಚಿ ಕೆಲವು ದಿನ ಕಾದು ನೋಡ್ಬೇಕು.

ಆ ಚುಕ್ಕಿ ಹೇಗಿದಾವೆ ಹೇಳಿ. ಎಲೆಯ ಹಿಂಭಾಗದಲ್ಲಿ ಮಾತ್ರ, ಎಲ್ಲಾ ಒಂದೇ ಸೈಜು, ಅಳತೆ ಇಟ್ಟು ಹರಡಿದಂಗೆ ದುಂಡಗೆ ಇದ್ರೆ ಅದು ಹುಳ ಅಲ್ಲ, ಸ್ಪೋರ್ ಗೊಂಚಲು. ಜರೀಗಿಡಕ್ಕೆ ಹೂವಿಲ್ಲ ಬೀಜ ಇಲ್ಲ, ವಂಶ ಬೆಳೆಯೋದು ಅದರಿಂದಲೇ. ಶಲ್ಕ ಕೀಟ ಆದ್ರೆ ಎಲ್ಲೆಂದರಲ್ಲಿ ಅಂಟಿರತ್ತೆ, ದಂಟಿನ ಮೇಲೂ ಎಲೆ ಮೇಲ್ಭಾಗದಲ್ಲೂ ಇರತ್ತೆ, ಒಂದು ದೊಡ್ಡದು ಒಂದು ಸಣ್ಣದು, ಉಗುರಲ್ಲಿ ಕೆರೆದ್ರೆ ಚಿಪ್ಪಿನ ಥರ ಎದ್ದುಬರತ್ತೆ. ಫರ್ನ್‌ಗೇ ಬರೋ ಒಂದು ಜಾತಿ ಶಲ್ಕದಲ್ಲಿ ಗಂಡುಹುಳಗಳು ಬೆಳ್ಳಗೆ ತೆಂಗಿನ ತುರಿ ಚೆಲ್ಲಿದಂಗೆ ಕಾಣ್ತವೆ, ಅದೇನಾದ್ರೂ ಇದೆಯಾ ನೋಡಿ.

ನನ್ನ ಅನುಮಾನ ಬೇರೆ ಕಡೆ ಇದೆ. ನೆಡುವಾಗ ಬುಡ ಎಷ್ಟು ಆಳಕ್ಕೆ ಹೋಯ್ತು? ಮಲ್ಚಿಂಗ್ ಗಿಡದ ನಡುಭಾಗದ ಮೇಲೂ ಇದೆಯಾ?

ನೆರಳುತೋಟ:
ಈಗಷ್ಟೇ ಟಾರ್ಚ್ ಹಾಕಿ ನೋಡಿದೆ. ಹಿಂಭಾಗದಲ್ಲಿ ಮಾತ್ರ ಇದೆ, ಎಲ್ಲಾ ದುಂಡಗೆ ಒಂದೇ ಥರ, ದಂಟಲ್ಲಿ ಒಂದೂ ಇಲ್ಲ. ಸದ್ಯ ಹುಳ ಅಲ್ಲ! ಗಿಡ ಅಲ್ಲಾಡ್ಬಾರ್ದು ಅಂತ ಕುಂಡದಲ್ಲಿ ಇದ್ದಿದ್ದಕ್ಕಿಂತ 3 ಬೆರಳು ಆಳಕ್ಕೇ ಕೂರಿಸಿದ್ದೆ. ಮಲ್ಚಿಂಗ್ ಹೌದು, ಎಲೆ ದಂಟುಗಳು ಹೊರಡೋ ಜಾಗನೇ ಕಾಣಲ್ಲ ಈಗ.

ಬೇರುಬಳಗ:
ಹಾಗಾದ್ರೆ ಅಲ್ಲೇ ಕಷ್ಟ ಇರೋದು. ಹಾಲಿ ಫರ್ನ್‌ನ ಜೀವ ಇರೋದು ಆ ಕಂದು ಹೊಟ್ಟು ಮುಚ್ಚಿಕೊಂಡಿರೋ ನಡುಬುಡದಲ್ಲಿ, ಕ್ರೌನ್ ಅಂತೀವಲ್ಲ ಅದು. ಎಲ್ಲಾ ಸುರುಳಿನೂ ಅಲ್ಲಿಂದಲೇ ಬರ್ಬೇಕು. ಅದು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಅಥವಾ ಒಂದು ಚೂರು ಮೇಲೆ ಇರ್ಬೇಕು, ನೀವು ಅದನ್ನ ಹೂತು ಮೇಲೆ ಒದ್ದೆ ಎಲೆ ಹೊದಿಸಿ ದಿನಾ ಸಂಜೆ ನೀರು ಹುಯ್ದಿದೀರಿ, ರಾತ್ರಿಯೆಲ್ಲಾ ನೀರು ಅಲ್ಲೇ ನಿಲ್ಲತ್ತೆ, ಗಾಳಿ ಆಡಲ್ಲ, ಎಳೇ ಸುರುಳಿ ಕೊಳೀದೆ ಇನ್ನೇನ್ ಮಾಡತ್ತೆ ಹೇಳಿ. ಅಂದಹಾಗೆ ಆ ಕಂದು ಹೊಟ್ಟು ಗಿಡದ್ದೇ, ಬೂಷ್ಟು ಅಂದ್ಕೊಂಡು ಉಜ್ಜಿ ತೆಗೀಬೇಡಿ.

ಒಂದ್ ಗಿಡ ಕಿತ್ತು ನೋಡಿ. ಇಲ್ಲೊಂದು ವಿಷಯ ತುಂಬ ಜನಕ್ಕೆ ಮೋಸ ಮಾಡತ್ತೆ, ಬೇರೆ ಗಿಡಗಳಲ್ಲಿ ಬೇರು ಕಪ್ಪಾದ್ರೆ ಕೊಳೆತಿದೆ ಅಂತೀವಿ, ಆದ್ರೆ ಜರೀಗಿಡದ ಬೇರು ಆರೋಗ್ಯವಾಗಿದ್ರೂ ಕಪ್ಪು ಕಂದು ಬಣ್ಣನೇ, ತಂತಿ ಥರ ಇರತ್ತೆ. ಬಣ್ಣ ನೋಡ್ಬೇಡಿ, ಬೆರಳಲ್ಲಿ ಹಿಸುಕಿ ನೋಡಿ. ಗಟ್ಟಿಯಾಗಿದ್ರೆ ಒಳ್ಳೇದು, ಸಿಪ್ಪೆ ಜಾರಿ ಕೈಗೆ ಬಂದ್ರೆ ಇಲ್ಲಾ ಚರಂಡಿ ವಾಸನೆ ಬಂದ್ರೆ ಕೊಳೆತಿದೆ. ಕ್ರೌನ್‌ನೂ ಹಾಗೇ ಒತ್ತಿ ನೋಡಿ.

ಮಣ್ಣುಹದ:
ಇನ್ನೊಂದು ಟೆಸ್ಟ್ ಮಾಡಿ. ಅದೇ ಪಟ್ಟಿಯಲ್ಲಿ 30 ಸೆಂ.ಮೀ. ಆಳದ ಗುಂಡಿ ತೆಗೆದು ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಂದ್ ಸಲ ತುಂಬಿ ಟೈಮ್ ನೋಡಿ. ಗಂಟೆಗೆ 2–3 ಸೆಂ.ಮೀ. ಆದ್ರೂ ಇಳೀಬೇಕು. ಫರ್ನ್‌ಗೆ ತೇವ ಬೇಕು ನಿಜ, ಆದ್ರೆ ತೇವ ಬೇರೆ ನೀರು ನಿಲ್ಲೋದು ಬೇರೆ, ಮಣ್ಣಿನ ಸಂದಿಲಿರೋ ಗಾಳಿನೆಲ್ಲಾ ನೀರು ಓಡಿಸಿಬಿಟ್ರೆ ಬೇರಿಗೆ ಉಸಿರಿರಲ್ಲ. ಬೇರು ಸತ್ತ ಮೇಲೆ ಎಲೆ ಬಾಡತ್ತೆ, ಬಾಡಿದ್ದು ನೋಡಿ ನಾವು ಇನ್ನೂ ನೀರು ಹಾಕ್ತೀವಿ. ಪಾಚಿ ಕಟ್ಟತ್ತೆ ಅಂದ್ರಲ್ಲ, ನನಗೆ ಅಲ್ಲೇ ಅನುಮಾನ ಬಂತು.

ನೆರಳುತೋಟ:
ಕಿತ್ತೆ. 2 ಗಿಡದ ಕ್ರೌನ್ ಒತ್ತಿದ್ರೆ ಬೇಯಿಸಿದ ಗಡ್ಡೆ ಥರ ಮೆತ್ತಗೆ, ವಾಸನೆನೂ ಬರ್ತಿದೆ. ತುಂಬ ಬೇಜಾರಾಯ್ತು, ಇಷ್ಟು ದಿನ ಪ್ರೀತಿಯಿಂದ ನೀರು ಹಾಕಿದ್ದೇ ಅದಕ್ಕೆ ಕುತ್ತಾಯ್ತಲ್ಲ ಅಂತ. ಉಳಿದ 3 ಗಟ್ಟಿಯಾಗಿದಾವೆ, ಬೇರು ಅರ್ಧಕ್ಕರ್ಧ ಪರವಾಗಿಲ್ಲ. ಗುಂಡಿಲಿ ಸಂಜೆ ಹಾಕಿದ ನೀರು ಬೆಳಿಗ್ಗೆನೂ ಇತ್ತು. ಒಂದು ಅಡಿ ಕೆಳಗೆ ಬರೀ ಜೇಡಿಮಣ್ಣು. ಮರಳು ಕಲಸ್ಲಾ?

ಮಣ್ಣುಹದ:
ಮರಳು ಬೇಡ. ಜೇಡಿಮಣ್ಣಿಗೆ ಸ್ವಲ್ಪ ಮರಳು ಸೇರಿಸಿದ್ರೆ ಹಗುರಾಗೋ ಬದಲು ಇನ್ನೂ ಗಟ್ಟಿಯಾಗತ್ತೆ. ಗುಂಡಿಗೆ ಮಾತ್ರ ಒಳ್ಳೇ ಮಣ್ಣು ತುಂಬೋದೂ ಬೇಡ, ಸುತ್ತ ಜೇಡಿ ಇರೋದ್ರಿಂದ ಅದು ಬಕೆಟ್ ಥರ ನೀರು ಹಿಡ್ಕೊಳತ್ತೆ. ಪೂರ್ತಿ ಪಟ್ಟಿನೇ 20 ಸೆಂ.ಮೀ. ಎತ್ತರಿಸಿ, ಕಲ್ಲೋ ಇಟ್ಟಿಗೆನೋ ಅಂಚಿಗೆ ಜೋಡಿಸಿ, ಮೇಲ್ಮಣ್ಣಿಗೆ ಚೆನ್ನಾಗಿ ಕೊಳೆತ ಎಲೆಗೊಬ್ಬರ ಧಾರಾಳವಾಗಿ ಕಲಸಿ. ಕೆಳಗಿನ ಜೇಡಿನ ಗಡಾರಿಯಿಂದ ಸ್ವಲ್ಪ ಸಡಿಲ ಮಾಡಿ, ಒದ್ದೆ ಇದ್ದಾಗ ಮಾತ್ರ ತುಳೀಬೇಡಿ. ಗೋಡೆಗೆ ಮಣ್ಣು ತಾಗದಂಗೆ ಒಂದು ಗೇಣು ಬಿಡಿ, ಇಲ್ಲಾಂದ್ರೆ ಗೋಡೆಗೆ ತೇವ ಹಿಡಿಯತ್ತೆ.

ಬೇರುಬಳಗ:
ಗಟ್ಟಿ ಇರೋ 3ನ್ನ ಅಲ್ಲಿಗೆ ಮೇಲಕ್ಕೆ ಕೂರಿಸಿ, ಮೆತ್ತಗಿರೋ ಬೇರನ್ನಷ್ಟೇ ಕ್ಲೀನ್ ಕತ್ತರಿಲಿ ತೆಗೀರಿ. ಕೊಳೆತ 2ನ್ನ ಎಸೀರಿ, ಕಾಂಪೋಸ್ಟ್‌ಗೂ ಹಾಕ್ಬೇಡಿ. ಮಲ್ಚಿಂಗ್ ಇರ್ಲಿ, ಅದು ಫರ್ನ್‌ಗೆ ಬೇಕೇಬೇಕು, ಆದ್ರೆ ಕ್ರೌನ್ ಸುತ್ತ 5 ಸೆಂ.ಮೀ. ಖಾಲಿ ಬಿಡಿ. ನೀರು ಬೆಳಿಗ್ಗೆ ಹೊತ್ತು ಮಣ್ಣಿಗೆ ಹಾಕಿ, ಅದೂ ಬೆರಳು ಒಂದು ಗೆಣ್ಣು ಒಳಗೆ ಹೋದಾಗ ಒಣಗಿದೆ ಅನ್ಸಿದ್ರೆ ಮಾತ್ರ. ಗೊಬ್ಬರ ಸದ್ಯಕ್ಕೆ ಪೂರ್ತಿ ನಿಲ್ಸಿ, ಬೇರು ಕಮ್ಮಿ ಇರೋ ಗಿಡಕ್ಕೆ ಗೊಬ್ಬರದ ಉಪ್ಪಿನಂಶ ಹೋದ್ರೆ ಇದ್ದಬದ್ದ ಬೇರೂ ಸುಡತ್ತೆ, 3–4 ಹೊಸ ಎಲೆ ಬಿಚ್ಚಿದ ಮೇಲೆ ಪ್ಯಾಕೆಟ್‌ನಲ್ಲಿ ಬರ್ದಿರೋದರ ಅರ್ಧ ಡೋಸ್ ಕೊಟ್ರೆ ಸಾಕು.

ಹಳದಿ ಎಲೆಗಳನ್ನ ಒಂದೇ ಸಲ ಬೋಳಿಸ್ಬೇಡಿ. ಹಸಿರು ಎಲ್ಲಿದ್ಯೋ ಅಲ್ಲಿವರೆಗೂ ಅದು ಗಿಡಕ್ಕೆ ಊಟ ಮಾಡಿ ಹಾಕ್ತಿರತ್ತೆ.

ಕಿಟಕಿಗಿಡ:
ಮಧ್ಯೆ ಬಂದಿದ್ದಕ್ಕೆ ಸಾರಿ, ನನ್ನದು ಮನೆಯೊಳಗೆ ಕುಂಡದಲ್ಲಿದೆ, ಸುರುಳಿ ಚೆನ್ನಾಗಿದೆ ಆದ್ರೆ ಎಲೆ ತುದಿ ಮಾತ್ರ ಗರಿಗರಿ ಒಣಗ್ತಿದೆ. ಇದೂ ಕೊಳೆಯೋ ರೋಗನಾ?

ಬೇರುಬಳಗ:
ಅಲ್ಲ, ನಿಮ್ಮದು ಉಲ್ಟಾ ಕೇಸ್. ತುದಿ ಗರಿಗರಿ ಅಂದ್ರೆ ಸಾಮಾನ್ಯವಾಗಿ ಒಣಗಾಳಿ, ಕುಂಡ ಪೂರ್ತಿ ಒಣಗಿಸಿ ಆಮೇಲೆ ನೀರು ಹಾಕೋದು, ಇಲ್ಲಾ ಗೊಬ್ಬರದ ಉಪ್ಪು ಕಟ್ಟಿರೋದು. ಮಣ್ಣಿನ ಮೇಲೆ ಬಿಳಿ ಪೊರೆ ಇದ್ರೆ ಧಾರಾಳ ನೀರು ಹುಯ್ದು ಕೆಳಗಡೆ ತೂತಿಂದ ಹರಿಸಿ ತೊಳೀರಿ. ಫ್ಯಾನ್, ಏಸಿ ಗಾಳಿ ನೇರ ಬೀಳೋ ಕಡೆಯಿಂದ ಸರಿಸಿ.

ನೆರಳುತೋಟ:
ಅಪ್‌ಡೇಟ್, 7 ವಾರ ಆಯ್ತು. ಪಟ್ಟಿ ಎತ್ತರಿಸಿ 3 ಗಿಡ ಮೇಲಕ್ಕೆ ಕೂರಿಸಿದ್ದೆ. ಮೊದಲ ಒಂದು ತಿಂಗಳು ಏನೂ ಆಗ್ಲಿಲ್ಲ, ಇದ್ದ ಎಲೆನೂ ಎರಡು ಹೋಯ್ತು, ದಿನಾ ಹೋಗಿ ಬಗ್ಗಿ ನೋಡಿ ಬರ್ತಿದ್ದೆ. ಹೋದ ವಾರ ಒಂದರಲ್ಲಿ ಕಂದು ಕೂದಲು ಹೊದ್ದ ಸುರುಳಿ ಎದ್ದಿತ್ತು, ಇವತ್ತು ಅದು ಗೇಣುದ್ದ ಆಗಿ ಅರ್ಧ ಬಿಚ್ಚಿದೆ, ಬಣ್ಣ ತಿಳಿಹಸಿರು, ಕಪ್ಪಾಗಿಲ್ಲ. ಇನ್ನೊಂದರಲ್ಲಿ 2 ಸುರುಳಿ ಇದೆ. ಮೂರನೇದರಲ್ಲಿ ಇನ್ನೂ ಏನೂ ಇಲ್ಲ ಆದ್ರೆ ಕ್ರೌನ್ ಗಟ್ಟಿ ಇದೆ. ಇಬ್ಬರಿಗೂ ತುಂಬ ಥ್ಯಾಂಕ್ಸ್. ಹೊಸ ಎಲೆ ಇಷ್ಟು ತೆಳ್ಳಗೆ ಮೆತ್ತಗಿರೋದು ಸರಿನಾ?

ಬೇರುಬಳಗ:
ಸರಿಯಾಗಿದೆ, ಅದು ದಪ್ಪಗಾಗಿ ಹೊಳಪು ಬರೋಕೆ ಇನ್ನೊಂದಷ್ಟು ದಿನ ಬೇಕು. ಅಲ್ಲಿವರೆಗೂ ಮುಟ್ಟಿ ನೋಡ್ಬೇಡಿ, ಬಿಚ್ಚೋ ಸುರುಳಿ ತುಂಬ ಸುಲಭವಾಗಿ ಮುರಿಯತ್ತೆ. ಮೂರನೇದನ್ನೂ ಕೀಳ್ಬೇಡಿ, ಕ್ರೌನ್ ಗಟ್ಟಿ ಇರೋವರೆಗೂ ಕಾಯಿರಿ.