ಏಳು ವರ್ಷದಿಂದ ಶೆಡ್ಡಿನಲ್ಲಿ ನಿಂತಿರುವ ಸ್ಪ್ಲೆಂಡರ್: ಮೊದಲ ಕಿಕ್ಕಿಗೆ ಮುನ್ನ ಏನೇನು ಮಾಡಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಆನಗೋಡಿನ ಹತ್ತಿರ ನಮ್ಮ ಹೊಲದ ಮನೆಯಲ್ಲಿ ಅಪ್ಪಾಜಿಯವರ 2004ರ ಹೀರೋ ಹೋಂಡಾ ಸ್ಪ್ಲೆಂಡರ್ ಇದೆ. 2018ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಮೆಕ್ಕೆಜೋಳದ ಚೀಲ ಒಟ್ಟುವ ತಗಡಿನ ಶೆಡ್ಡಿನ ಮೂಲೆಯಲ್ಲಿ ಸೈಡ್ ಸ್ಟ್ಯಾಂಡಿನ ಮೇಲೆ ನಿಂತೇ ಇದೆ. ಹೋದ ಭಾನುವಾರ ಚೀಲ ಸರಿಸಿ ನೋಡಿದರೆ ಎರಡೂ ಟೈರುಗಳಲ್ಲಿ ಗಾಳಿಯಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದರೆ ಹಳೆಯ ವಾರ್ನಿಶ್ ಡಬ್ಬಿಯ ವಾಸನೆ. ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತಿದೆ, ಬಿಗಿಯಾಗಿದ್ದರೂ ಇಳಿಯಿತು. ಅಷ್ಟಕ್ಕೇ ನಿಲ್ಲಿಸಿದ್ದೇನೆ.

ಹೊಸ ಪೆಟ್ರೋಲ್ ಸುರಿದು, ಎರಡನೇ ಗೇರಿಗೆ ಹಾಕಿ, ಇಬ್ಬರು ಹಿಂದಿನಿಂದ ತಳ್ಳಿದರೆ ಸಾಕು ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಊರಿನ ಗ್ಯಾರೇಜೊಂದರಲ್ಲಿ ಗಾಡಿಯನ್ನು ಕಣ್ಣಿನಿಂದ ನೋಡದೆಯೇ ಇಂಜಿನ್ ಪೂರ್ತಿ ಬಿಚ್ಚಬೇಕೆಂದರು. ಪ್ಲಗ್ಗು ಬದಲಿಸುವುದು, ಚೈನ್ ಬಿಗಿ ಮಾಡುವುದು ಇಷ್ಟು ಮಾತ್ರ ನನಗೆ ಬರುತ್ತದೆ. ಯಾವ ಕೆಲಸವನ್ನು ನಾನೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗದಿಂದ)

ನಾನು ಇಪ್ಪತ್ತು ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದೇನೆ. ತಳ್ಳಿ ಸ್ಟಾರ್ಟ್ ಮಾಡುವ ಯೋಚನೆಯನ್ನು ಬಿಟ್ಟುಬಿಡಿ. ಏಳು ವರ್ಷದಲ್ಲಿ ಸಿಲಿಂಡರಿನ ಗೋಡೆಯ ಮೇಲಿದ್ದ ಆಯಿಲ್ ಪೂರ್ತಿ ಇಳಿದುಹೋಗಿರುತ್ತದೆ. ಒಣಗಿದ ಲೋಹದ ಮೇಲೆ ಪಿಸ್ಟನ್ ರಿಂಗುಗಳು ಗಾಡಿಯ ವೇಗಕ್ಕೆ ಒಮ್ಮೆಲೇ ಉಜ್ಜಿದರೆ, ಇಲ್ಲದಿದ್ದ ಗೀರುಗಳು ಆಗಲೇ ಬೀಳುತ್ತವೆ. ಕಿಕ್ಕರ್ ಇಳಿದಿರುವುದರಿಂದ ಇಂಜಿನ್ ಸೀಜ್ ಆಗಿಲ್ಲ. ಹಾಗಾಗಿ ಈಗಲೇ ಬಿಚ್ಚುವ ಅಗತ್ಯವೂ ಇಲ್ಲ.

ಮೊದಲು ಪಕ್ಕದ ಕವರ್ ತೆಗೆದು ಏರ್ ಫಿಲ್ಟರ್ ಡಬ್ಬಿ ನೋಡಿ. ಜೋಳದ ಚೀಲದ ಪಕ್ಕದಲ್ಲಿ ನಿಂತ ಗಾಡಿ ಎಂದಿರಿ. ಇಲಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಭರಮಸಾಗರದ ಕಡೆಯಿಂದ ನಮ್ಮಲ್ಲಿಗೆ ಬಂದ ಒಂದು ಗಾಡಿಯ ಡಬ್ಬಿಯಲ್ಲಿ ಎರಡು ಬೊಗಸೆ ಜೋಳ, ಗೋಣಿಯ ನಾರು, ಹರಿದ ಸೀಟಿನ ಸ್ಪಂಜು ಸಿಕ್ಕಿದ್ದವು. ಹಾಗೆಯೇ ಸ್ಟಾರ್ಟ್ ಮಾಡಿದ್ದರೆ ಆ ಕಸವೆಲ್ಲ ಕಾರ್ಬೊರೇಟರಿನ ಬಾಯಿಗೆ ಬರುತ್ತಿತ್ತು. ಸೀಟು ಬಿಚ್ಚಿ ವೈರಿಂಗನ್ನೂ ಉದ್ದಕ್ಕೆ ಬೆರಳಾಡಿಸಿ ನೋಡಿ. ಸೈಲೆನ್ಸರಿನ ಬಾಯಿಗೂ ಟಾರ್ಚ್ ಬಿಡಿ.

ಆಮೇಲೆ ಪ್ಲಗ್ಗಿನ ಸುತ್ತಲಿನ ದೂಳನ್ನು ಊದಿ ತೆಗೆದು, ಪ್ಲಗ್ಗು ಬಿಚ್ಚಿ, ಆ ರಂಧ್ರದಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೆಯೇ ಬಿಡಿ. ಮರುದಿನ ಡಬಲ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ. ಎಲ್ಲಿಯೂ ಹಿಡಿಯದಿದ್ದರೆ ನ್ಯೂಟ್ರಲ್‌ಗೆ ತಂದು ಹತ್ತು ಕಿಕ್ ಹೊಡೆಯಿರಿ. ಆಗ ಕೀ ಆಫ್ ಇರಲಿ, ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮುಚ್ಚಿರಲಿ. ಹಳೆಯ ಇಂಜಿನ್ ಆಯಿಲಿನಲ್ಲಿ ತೇವ ಸೇರಿರುವುದರಿಂದ ಅದನ್ನು ಮೊದಲೇ ಬಸಿದು, ಈ ಗಾಡಿಗೆಂದೇ ಸಿಗುವ 900 ಮಿ.ಲೀ. ಡಬ್ಬಿಯನ್ನು ಹಾಕಿ. ಸುಮಾರು 300 ಕಿ.ಮೀ. ಓಡಿಸಿದ ಮೇಲೆ ಅದನ್ನೂ ಬದಲಿಸಿ. ಒಳಗೆ ಅಂಟಿದ್ದ ಕೊಳೆಯೆಲ್ಲ ಅದರೊಂದಿಗೆ ಬರುತ್ತದೆ.

ಹೊಸ ಬ್ಯಾಟರಿಗೆ ಇವತ್ತೇ ದುಡ್ಡು ಹಾಕಬೇಡಿ. ಈ ಗಾಡಿಯ ಸ್ಪಾರ್ಕಿಗೆ ಬ್ಯಾಟರಿ ಬೇಕಿಲ್ಲ, ಕಿಕ್ಕಿಗೇ ಕರೆಂಟ್ ಹುಟ್ಟುತ್ತದೆ. ಹಾರ್ನ್, ಇಂಡಿಕೇಟರ್ ಮಾತ್ರ ಕೆಲಸ ಮಾಡುವುದಿಲ್ಲ. ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡು) ಕಟ್ಟಿಕೊಂಡಿದ್ದರೆ ಕ್ಲಚ್ ಕೇಬಲ್ಲಿನ ಒಂದು ಎಳೆಯಿಂದ ಚುಚ್ಚಿ ಬಿಡಿಸಿಕೊಳ್ಳಬಹುದು.

ಉತ್ತರ 2 (ಹರಿಹರದಿಂದ)

ಮೇಲಿನವರ ಕೊನೆಯ ಮಾತೊಂದನ್ನು ಬಿಟ್ಟು ಉಳಿದುದನ್ನೆಲ್ಲ ಒಪ್ಪುತ್ತೇನೆ. ಜೆಟ್ಟಿಗೆ ಉಕ್ಕಿನ ಎಳೆ ಹಾಕಬೇಡಿ. ಜೆಟ್ಟು ಹಿತ್ತಾಳೆಯದು, ಅದರ ರಂಧ್ರ ಕೂದಲೆಳೆಯಷ್ಟು. ಒಮ್ಮೆ ದೊಡ್ಡದಾದರೆ ಗಾಡಿ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಒಂದು ಗಂಟೆ ನೆನೆಯಲು ಬಿಟ್ಟು, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ಆಚೆ ಬದಿಯಲ್ಲಿ ದುಂಡನೆಯ ಚುಕ್ಕೆ ಕಂಡರೆ ಕೆಲಸ ಆಯಿತು.

ನಿಮ್ಮ ಗಾಡಿಯಲ್ಲಿ ನಿಜವಾದ ಕೆಲಸ ಇರುವುದು ಟ್ಯಾಂಕಿನಲ್ಲಿ. ಅದು ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿ ನಿಂತಿದೆ. ಪೆಟ್ರೋಲಿಗಿಂತ ನೀರು ಭಾರವಾದ್ದರಿಂದ ಒಳಗೆ ಸೇರಿದ ತೇವವೆಲ್ಲ ಎಡಗಡೆಯ ತಳಕ್ಕೆ ಇಳಿದು ಅಲ್ಲಿಯೇ ತುಕ್ಕು ಹಿಡಿಸಿರುತ್ತದೆ, ಕಾಕ್ ಇರುವುದೂ ಆ ಕಡೆಯಲ್ಲೇ. ಟ್ಯಾಂಕ್ ಇಳಿಸಿ, ಹಳೆಯ ಪೆಟ್ರೋಲನ್ನು ಕ್ಯಾನಿಗೆ ಬಸಿಯಿರಿ. ಚರಂಡಿಗೆ ಸುರಿಯಬೇಡಿ, ಒಲೆ ಹಚ್ಚಲೂ ಬಳಸಬೇಡಿ. ಕಾಕನ್ನು ಬಿಚ್ಚಿ, ರಂಧ್ರಕ್ಕೆ ಬಿರಡೆ ಹಾಕಿ, ಟ್ಯಾಂಕನ್ನು ಸೋಪಿನ ನೀರಿನಿಂದ ಎರಡು ಮೂರು ಸಲ ತೊಳೆದು, ಬಿಸಿನೀರಿನಲ್ಲಿ ಕರಗಿಸಿದ ನಿಂಬೆಉಪ್ಪನ್ನು (ಸಿಟ್ರಿಕ್ ಆಮ್ಲ) ತುಂಬಿ ಒಂದು ದಿನ ಬಿಡಿ. ತುಕ್ಕು ದಪ್ಪಗಿದ್ದರೆ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಹಾಕಿ ಅಲ್ಲಾಡಿಸಿ, ತೆಗೆಯುವಾಗಲೂ ಎಣಿಸಿ. ನಾನು ಎಣಿಸದೆ ಹಾಕಿದ್ದ ಒಂದು ನಟ್ಟು ಇವತ್ತಿಗೂ ಸ್ಪೀಡ್ ಬ್ರೇಕರಿನಲ್ಲಿ ಸದ್ದು ಮಾಡುತ್ತದೆ. ಹುಳಿಯನ್ನು ಚೆಲ್ಲಿದ ಮೇಲೆ ಅಡುಗೆ ಸೋಡಾದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅದೇ ದಿನ ಪೆಟ್ರೋಲ್ ತುಂಬಿ. ಬರಿದಾಗಿ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ.

ಪೆಟ್ರೋಲ್ ಪೈಪನ್ನು ತಪ್ಪದೆ ಹೊಸದು ಹಾಕಿ. ಹಳೆಯದು ಒಣಗಿ ಸೀಳಿರುತ್ತದೆ, ಮೇಲಾಗಿ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುವುದು ಆ ಕಾಲದ ರಬ್ಬರಿಗೆ ಆಗಿಬರುವುದಿಲ್ಲ.

ಉತ್ತರ 3 (ದಾವಣಗೆರೆ, ನಿಟ್ಟುವಳ್ಳಿಯಿಂದ)

ಇಬ್ಬರೂ ಹಿರಿಯರು ಗಾಡಿಯನ್ನು ಸ್ಟಾರ್ಟ್ ಮಾಡುವ ಬಗ್ಗೆ ಬರೆದಿದ್ದಾರೆ, ನಿಲ್ಲಿಸುವ ಬಗ್ಗೆ ಯಾರೂ ಬರೆದಿಲ್ಲ. ಎರಡೂ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿಸಿ ನೋಡಿ. ಹಳೆಯ ಬ್ರೇಕ್ ಶೂಗಳಲ್ಲಿ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ) ತನ್ನ ಅಂಟಿನಿಂದ ಬಿಟ್ಟುಕೊಂಡಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಮೊದಲ ಸಲ ಗಟ್ಟಿಯಾಗಿ ಒತ್ತಿದಾಗ ಕಳಚಿ ಚಕ್ರವನ್ನೇ ಹಿಡಿದುಬಿಡಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು ಎಂದರ್ಥ. ಗುಬ್ಬಿ (ರಸ್ತೆ ಹಿಡಿಯುವ ಉಬ್ಬುಗಳು) ಚೆನ್ನಾಗಿದ್ದರೂ ಏಳು ವರ್ಷ ಗಾಳಿಯಿಲ್ಲದೆ ಮಡಚಿ ನಿಂತ ಟೈರನ್ನು ನಾನು ಹೆದ್ದಾರಿಗೆ ತರುವುದಿಲ್ಲ.

ಇನ್ನು ಕಾಗದಪತ್ರ. 2004ರ ಗಾಡಿಯ ನೋಂದಣಿಯ 15 ವರ್ಷ 2019ಕ್ಕೇ ಮುಗಿದಿದೆ, ಜೊತೆಗೆ ಆರ್.ಸಿ. ಇನ್ನೂ ತಂದೆಯವರ ಹೆಸರಿನಲ್ಲಿದೆ. ಮರಣ ಪ್ರಮಾಣಪತ್ರದೊಂದಿಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನವೀಕರಣವಾದರೆ ಮತ್ತೆ 5 ವರ್ಷ ಸಿಗುತ್ತದೆ. ತಡವಾದಷ್ಟೂ ಹೆಚ್ಚುವರಿ ಶುಲ್ಕ ಬೆಳೆಯುತ್ತದೆ, ಆದ್ದರಿಂದ ರಿಪೇರಿಗೆ ಖರ್ಚು ಮಾಡುವ ಮೊದಲೇ ಆರ್.ಟಿ.ಒ.ದಲ್ಲಿ ಒಟ್ಟು ಎಷ್ಟಾಗುತ್ತದೆಂದು ಕೇಳಿಕೊಳ್ಳಿ. ವಿಮೆಯಿಲ್ಲದೆ ರಸ್ತೆಗೆ ಇಳಿಸಬೇಡಿ. ನವೀಕರಣದ ತಪಾಸಣೆಗೆ ಲಗೇಜ್ ಆಟೊದಲ್ಲಿ ತನ್ನಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಏರ್ ಫಿಲ್ಟರ್ ಡಬ್ಬಿಯಲ್ಲಿ ಜೋಳವಿರಲಿಲ್ಲ, ಅಪ್ಪಾಜಿ ಸೀಟಿನ ಕೆಳಗೆ ಇಟ್ಟಿದ್ದ ಒರೆಸುವ ಬಟ್ಟೆಯ ಚೂರುಗಳಿದ್ದವು. ಹಿಂದಿನ ಇಂಡಿಕೇಟರಿನ ವೈರೊಂದನ್ನು ಇಲಿ ಕಡಿದಿತ್ತು. ಟ್ಯಾಂಕಿನ ತುಕ್ಕು ಹೇಳಿದಂತೆಯೇ ಎಡಗಡೆಯ ತಳದಲ್ಲಿತ್ತು. ನಿಂಬೆಉಪ್ಪು ಎರಡು ಸಲ ಹಾಕಬೇಕಾಯಿತು. ಹಿಂದಿನ ಬ್ರೇಕ್ ಶೂವಿನ ಲೈನಿಂಗ್ ಬೆರಳಿನಿಂದ ಎತ್ತಿದರೇ ಬಂತು. ಅದನ್ನು ನೋಡಿದ ಮೇಲೆ ನಾಲ್ಕೂ ಶೂ, ಎರಡೂ ಟೈರು ಬದಲಿಸಿದೆ.

ಹನ್ನೊಂದನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮೊದಲ ಐದು ನಿಮಿಷ ನೀಲಿ ಹೊಗೆ ಬಂದು ಆಮೇಲೆ ನಿಂತಿತು. ಆದರೆ ಚೋಕ್ ತೆಗೆದರೆ ಆಫ್ ಆಗುತ್ತಿದ್ದುದರಿಂದ ಕಾರ್ಬೊರೇಟರನ್ನು ಮತ್ತೆ ಬಿಚ್ಚಿ ಸ್ಲೋ ಜೆಟ್ಟನ್ನು (ಐಡಲ್‌ಗೆ ಪೆಟ್ರೋಲ್ ಕೊಡುವ ಜೆಟ್) ಇಡೀ ರಾತ್ರಿ ನೆನೆಸಿದೆ. ಈಗ ಆಫ್ ಆಗದೆ ಐಡಲ್‌ನಲ್ಲಿ ಓಡುತ್ತದೆ. ಹೆಸರು ಬದಲಾವಣೆಯ ಅರ್ಜಿ ಕೊಟ್ಟಿದ್ದೇನೆ, ಸದ್ಯಕ್ಕೆ ಹೊಲದೊಳಗೇ ಓಡಿಸುತ್ತಿದ್ದೇನೆ. ಒಂದೇ ತೊಂದರೆ ಉಳಿದಿದೆ: ಸ್ಪೀಡೋಮೀಟರಿನ ಮುಳ್ಳು ಅಲುಗುವುದಿಲ್ಲ.

ಉತ್ತರ 1ರವರಿಂದ

ಮೀಟರಿನ ಕಡೆಯ ಕೇಬಲ್ ತುದಿ ಬಿಚ್ಚಿ, ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿ. ಒಳಗಿನ ತಂತಿ ತಿರುಗಿದರೆ ಮೀಟರ್ ಹೋಗಿದೆ. ತಿರುಗದಿದ್ದರೆ ಕೇಬಲ್ ತುಂಡಾಗಿರಬೇಕು, ಇಲ್ಲವೇ ಶೂ ಬದಲಿಸಿದವರು ಚಕ್ರ ಕೂರಿಸುವಾಗ ಹಬ್ಬಿನ ಮೀಟರ್ ಗೇರಿನ ಕಿವಿಯನ್ನು ಅದು ಕೂರುವ ತೋಡಿಗೆ ಸೇರಿಸಿಲ್ಲ. ನನಗೆ ಈ ಕೊನೆಯದರ ಮೇಲೇ ಅನುಮಾನ. ಜೆಟ್ಟಿಗೆ ತಂತಿ ಹಾಕುವ ವಿಷಯದಲ್ಲಿ ಹರಿಹರದವರು ಹೇಳಿದ್ದು ಸರಿ, ನಮ್ಮಲ್ಲೂ ಈಗ ಸ್ಪ್ರೇ ತರಿಸಿದ್ದೇನೆ.