‘ಕ್ವೇರ್‌ಪಾಸ್ ಟೋನಿ’ಗೆ ಕನ್ನಡದಲ್ಲಿ ಏನನ್ನೋಣ? ಅಡ್ಡಪಾಸು ಸರಿಹೋಗತ್ತಾ?

ಎಲ್ರಿಗೂ ನಮಸ್ಕಾರ. ಜರ್ಮನಿಯ ಫುಟ್ಬಾಲ್ ಆಟಗಾರ ಟೋನಿ ಕ್ರೋಸ್ ಆಟದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೀತಾ ಇದೀನಿ, ಒಂದೇ ಒಂದು ಪದದ ಹತ್ರ ಮೂರು ದಿನದಿಂದ ನಿಂತುಹೋಗಿದೆ, ಅದಕ್ಕೇ ಇಲ್ಲಿ ಕೇಳ್ತಿರೋದು. ಮಿಡ್‌ಫೀಲ್ಡರ್, ಫ್ರೀಕಿಕ್, ಕಾರ್ನರ್ ಇವನ್ನೆಲ್ಲ ಹಾಗೇ ಬಿಟ್ಟಿದೀನಿ, ಅದ್ರಲ್ಲಿ ತಕರಾರಿಲ್ಲ, ಎಲ್ರಿಗೂ ಗೊತ್ತಿರೋ ಪದಗಳು.

ಜರ್ಮನಿಯಲ್ಲಿ ಅವನಿಗೆ ‘ಕ್ವೇರ್‌ಪಾಸ್ ಟೋನಿ’ ಅಂತ ಒಂದು ಅಡ್ಡಹೆಸರಿತ್ತು. ಜರ್ಮನ್‌ನಲ್ಲಿ ಕ್ವೇರ್ ಅಂದ್ರೆ ಅಡ್ಡ. ಚೆಂಡನ್ನ ಗೋಲಿನ ಕಡೆ ಕಳಿಸದೆ ಎಡಕ್ಕೋ ಬಲಕ್ಕೋ ಪಕ್ಕದಲ್ಲಿರೋನಿಗೇ ಕೊಟ್ಟು ಕೈತೊಳ್ಕೊಳ್ಳೋನು, ರಿಸ್ಕ್ ತಗೊಳ್ಳದೋನು ಅಂತ ಚುಚ್ಚುಮಾತು. 2014ರ ವರ್ಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮೇಲೆ 69 ಸೆಕೆಂಡಿನಲ್ಲಿ ಎರಡು ಗೋಲು ಹೊಡೆದವನಿಗೆ, ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗನ್ನ ಜರ್ಮನಿಯ ಬಯರ್ನ್ ಮ್ಯೂನಿಕ್ ಜೊತೆ ಒಂದ್ಸಲ, ಸ್ಪೇನಿನ ರಿಯಲ್ ಮ್ಯಾಡ್ರಿಡ್ ಜೊತೆ ಐದ್ಸಲ ಗೆದ್ದವನಿಗೆ ಅವನ ಊರಿನ ಜನವೇ ಹೀಗೆ ಕರೆದ್ರು ಅನ್ನೋದು ನಂಗೆ ಈಗಲೂ ಬೇಜಾರು.

ಮೊದಲು ‘ಅಡ್ಡಪಾಸ್ ಟೋನಿ’ ಅಂತಲೇ ಬರೆದೆ. ಸರಿಯಾಗೇ ಕೂತಿತ್ತು, ಯಾಕಂದ್ರೆ ಕ್ವೇರ್, ಅಡ್ಡ ಎರಡೂ ಬೇರೆಬೇರೆ ಭಾಷೆಯಲ್ಲಿದ್ರೂ ಒಂದೇ ದಾರಿ ಹಿಡಿದಿವೆ. ನಾವು ‘ಅಡ್ಡ ಬಂದ’ ಅಂತೀವಲ್ಲ, ಜರ್ಮನ್ನರೂ ಅದನ್ನೇ ‘ಇನ್ ಡೀ ಕ್ವೇರೆ ಕೊಮೆನ್’ ಅಂತಾರೆ. ಅಡ್ಡಗಾಲು ಹಾಕೋನಿಗೆ ‘ಕ್ವೇರ್‌ಟ್ರೈಬರ್’. ಹಾಗಾಗಿ ಚುಚ್ಚುಮಾತು ಚುಚ್ಚುಮಾತಾಗೇ ಕನ್ನಡಕ್ಕೆ ಬಂತು.

ತೊಂದರೆ ಶುರುವಾಗಿದ್ದು ಆಮೇಲೆ. ಲೇಖನದ ಉಳಿದರ್ಧದಲ್ಲಿ ನಾನು ಅದೇ ಪಾಸನ್ನ ಹೊಗಳಬೇಕು, ಆದ್ರೆ ‘ಅಡ್ಡ’ ಬಿಡ್ತಿಲ್ಲ. ಅಡ್ಡದಾರಿ, ಅಡ್ಡಾದಿಡ್ಡಿ, ಅಡ್ಡಪರಿಣಾಮ, ಎಲ್ಲಾದಕ್ಕಿಂತ ಕೆಟ್ಟದ್ದು ಅಡ್ಡಕಸುಬಿ. ಕಲೀದೇ ಇರೋ ಕೆಲಸಕ್ಕೆ ಕೈಹಾಕಿ ಕೆಡಿಸೋನು ಅಡ್ಡಕಸುಬಿ, ಇಲ್ಲಿ ನೋಡಿದ್ರೆ 17ನೇ ವಯಸ್ಸಿಗೇ ಜರ್ಮನಿಯ ಅತಿ ದೊಡ್ಡ ಲೀಗ್ ಆದ ಬುಂಡೆಸ್‌ಲೀಗಾ ಆಡಿದೋನು, ಕಸುಬು ಅಂದ್ರೆ ಇವನದು. ಹಾಗಂತ ಅಡ್ಡ ಅಂದ್ರೆ ಬರೀ ಕೆಟ್ಟದ್ದು ಅಂತನೂ ಅಲ್ಲ, ಹಿರಿಯರಿಗೆ ಅಡ್ಡಬೀಳ್ತೀವಿ, ಗುರುಗಳನ್ನ ಕೂರಿಸೋದು ಅಡ್ಡಪಲ್ಲಕ್ಕೀಲಿ. ಆದ್ರೆ ಚೆಂಡಿನ ಪಕ್ಕ ಬಂದಾಗ ಆ ಗೌರವ ಯಾಕೋ ಕೇಳಿಸ್ತಿಲ್ಲ.

ಅವನ ಅಡ್ಡಪಾಸು ಮಾಡ್ತಿದ್ದ ಕೆಲಸ ಏನು ಅಂತ ಹೇಳಿದ್ರೆ ನನ್ನ ಪ್ರಶ್ನೆ ಸ್ಪಷ್ಟ ಆಗಬಹುದು. ಎದುರಾಳಿಗಳು ಗೋಡೆ ಥರ ಸಾಲಾಗಿ ನಿಂತಿರ್ತಾರೆ. ಇವನು ಸ್ವಲ್ಪ ಹಿಂದೆ ಎಡಗಡೆ ಡಿಫೆಂಡರ್‌ಗಳ ಪಕ್ಕ ಬಂದು ಚೆಂಡು ಇಸ್ಕೊಂಡು ಆಚೆ ಕೊಡ್ತಾನೆ, ಸಾಲು ಆಚೆ ಸರಿಯತ್ತೆ, ಈಚೆ ಕೊಡ್ತಾನೆ, ಸಾಲು ಈಚೆ ಸರಿಯತ್ತೆ, ಹೀಗೇ ಸರಿದು ಸರಿದು ಎಲ್ಲೋ ಒಬ್ಬ ಅರ್ಧ ಹೆಜ್ಜೆ ತಡ ಮಾಡ್ತಾನೆ, ಅಲ್ಲಿ ಸಂದು ಬೀಳತ್ತೆ. 2024ರ ಯೂರೋ ಕಪ್ಪಿನ ಮೊದಲ ಮ್ಯಾಚಲ್ಲಿ ಸ್ಕಾಟ್ಲೆಂಡ್ ಮೇಲೆ 102 ಪಾಸಲ್ಲಿ 101 ಗುರಿ ಮುಟ್ಟಿದ್ವು, ಜರ್ಮನಿ 5-1ರಿಂದ ಗೆದ್ದಿತು. ಅದೇ ವರ್ಷ ಏಪ್ರಿಲ್ 30ಕ್ಕೆ ಮ್ಯೂನಿಕ್‌ನಲ್ಲಿ, ರಿಯಲ್ ಮ್ಯಾಡ್ರಿಡ್ ಪರ ಬಯರ್ನ್ ಮೇಲೆ ಆಡ್ತಾ, ಜೊತೆ ಆಟಗಾರ ವಿನೀಸಿಯಸ್‌ಗೆ ಎಲ್ಲಿಗೆ ಓಡಬೇಕು ಅಂತ ಬೆರಳು ತೋರಿಸಿ ಡಿಫೆಂಡರ್‌ಗಳ ನಡುವೆ ಒಂದು ಪಾಸು ಕಳಿಸ್ದ ನೋಡಿ, ಗೋಲು! ಇಂಥದ್ದಕ್ಕೆ ಜರ್ಮನ್‌ನಲ್ಲಿ ‘ಶ್ಟೈಲ್‌ಪಾಸ್’ ಅಂತಾರೆ, ಅಕ್ಷರಶಃ ಕಡಿದಾದ ಪಾಸು. ಕಡಿದಾದ ಅಂದ್ರೆ ನಮಗೆ ಬೆಟ್ಟ ನೆನಪಾಗತ್ತೆ, ಹಾಗಾಗಿ ‘ಸೀಳುಪಾಸು’ ಅಂತ ಹಾಕಿದೀನಿ, ಅದು ನಂಗೆ ಇಷ್ಟ ಆಗಿದೆ.

ನಿನ್ನೆ ರಾತ್ರಿ ಹೊಳೆದದ್ದು ಹಾಸುಹೊಕ್ಕು. ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು, ಅಡ್ಡಕ್ಕೆ ಹೋಗೋದು ಹೊಕ್ಕು. ಹೊಕ್ಕಿನ ನೂಲು ಹೊತ್ತ ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡ್ತಾನೇ ಇರತ್ತೆ, ಒಂದ್ಸಲ ನೋಡಿದ್ರೆ ಏನೂ ಆಗ್ತಿಲ್ಲ ಅನ್ಸತ್ತೆ, ಆದ್ರೆ ಬಟ್ಟೆ ಬೆಳೀತಿರೋದೇ ಅದರಿಂದ. ಕ್ರೋಸ್ ಆಟ ನಂಗೆ ಹಾಗೇ ಕಾಣತ್ತೆ. ಹಾಗಾಗಿ ಬೈಯೋವಾಗ ‘ಅಡ್ಡಪಾಸು’, ಹೊಗಳೋವಾಗ ‘ಲಾಳಿಪಾಸು’ ಅಂತ ಎರಡು ಪದ ಇಟ್ಕೊಂಡ್ರೆ ಹೇಗೆ? ಒಂದೇ ಪಾಸಿಗೆ ಎರಡು ಹೆಸರು ಓದೋರಿಗೆ ಗೊಂದಲ ಆಗತ್ತಾ, ಅಥವಾ ಮಾತಿನ ತೂಕ ಬದಲಾಗಿದ್ದು ತಾನಾಗೇ ತಿಳಿಯತ್ತಾ? ‘ಬದಿಪಾಸು’, ‘ಮಗ್ಗುಲಪಾಸು’ ಎರಡೂ ಬರೆದು ಹೊಡೆದುಹಾಕಿದೆ, ಜೀವ ಇಲ್ಲ.

ಇಳಕಲ್, ಗುಳೇದಗುಡ್ಡ, ದೊಡ್ಡಬಳ್ಳಾಪುರದ ಕಡೆಯವರು ಯಾರಾದ್ರೂ ಇದ್ರೆ ಇನ್ನೊಂದು ಕೇಳಬೇಕು: ಲಾಳಿ ಒಂದ್ಸಲ ಆಚೆಗೆ ಹೋಗೋದಕ್ಕೆ ಮಗ್ಗದ ಮನೆಯಲ್ಲಿ ಬೇರೆ ಮಾತಿದೆಯಾ? ಇದ್ರೆ ದಯವಿಟ್ಟು ತಿಳಿಸಿ, ನಾನು ಕಟ್ಟಿದ್ದಕ್ಕಿಂತ ಅದನ್ನೇ ಬಳಸ್ತೀನಿ.